ಹತ್ತೇ ನಿಮಿಷದ ಕಾಲೇಜು

ಜುಲೈ 18, ಗುರುವಾರ

ಅಂಗಾಲು ಇನ್ನೂ ಉರಿಯುತ್ತಿದೆ. "ನಿನ್ನ ರೂಮಿಂದ ಹತ್ತೇ ನಿಮಿಷ ಕಣಮ್ಮ" ಎಂದಿದ್ದಳು ಕಾಲೇಜು ಕಚೇರಿಯ ಮಾರ್ಲೀನ್, ಪುಣ್ಯಾತ್ಗಿತ್ತಿ. ಇವತ್ತು ನಡೆದು ನೋಡಿದೆ, ಎರಡು ಗಂಟೆ ಹಿಡಿಯಿತು. ಈ ಅಮೆರಿಕದವರ ನಿಮಿಷವೆಲ್ಲ ಕಾರಿನ ನಿಮಿಷ! ಹೆದ್ದಾರಿಯಂಚಿನಲ್ಲಿ ಕಾಲಿಡಲೂ ಜಾಗವಿಲ್ಲ.

"ಕಾರಿಲ್ವಾ? ಮತ್ತೆ ಹೇಗೆ ಬದುಕ್ತೀಯೇ?" ಎಂದು, ನಡೆದೇ ಬಂದೆನೆಂದಾಗ ಮಾರ್ಲೀನಳೇ ಗಾಬರಿಬಿದ್ದಳು.

ಅಲ್ಲಿಂದ ಕೊನೆಯ ಬಸ್ಸು ಸಂಜೆ ಆರಕ್ಕೆ, ನರ್ಸಿಂಗ್ ಲ್ಯಾಬ್ ಮುಗಿಯುವುದು ರಾತ್ರಿ ಒಂಬತ್ತಕ್ಕೆ. ಲ್ಯಾಬ್ ಬಿಟ್ಟರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದಷ್ಟು ತರಗತಿಗಳಾಗದೆ ವೀಸಾವೇ ಹೋಗುತ್ತದೆ. ಪೇಟೆಯ ಕಾಲೇಜಿಗೆ ರಾತ್ರಿಯೂ ಬಸ್ಸಿದೆ, ಆದರೆ ಅಲ್ಲಿ ನರ್ಸಿಂಗ್ ಇಲ್ಲ. ಯಾವ ಕಾಲೇಜು ಸೇರುತ್ತೇನೆಂದು ನಾಳೆಯೇ ಹೇಳಬೇಕು.

ಆಗಲೇ ನಮ್ಮೂರು ಸುರಬಯಾದಿಂದ ಅಮ್ಮನ ಫೋನು.

"ಕಾಲೇಜು ಹತ್ರ ತಾನೇ, ಸೆಕಾರ್? ಕತ್ತಲಾದ್ಮೇಲೆ ಒಬ್ಳೇ ನಡೀಬೇಡ ಕಣೇ."

"ಹತ್ತೇ ನಿಮಿಷ, ಅಮ್ಮ" ಎಂದುಬಿಟ್ಟೆ.