ಇದು ಮೊದಲನೆಯ ಪ್ರಕಟಣೆ

ಬೀರೂರು
೧೫ ಮೇ ೨೦೨೫, ಗುರುವಾರ ಮಧ್ಯಾಹ್ನ

ನನ್ನ ಬಂಗಾರ ಸ್ಫೂರ್ತಿಗೆ,

ಅಮ್ಮನ ಮುತ್ತುಗಳು. ಬೀರೂರಿಂದ ತರೀಕೆರೆಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ, ಇಬ್ಬರ ಕೈಯಲ್ಲೂ ಫೋನಿದೆ, ಹೀಗಿದ್ದೂ ಈ ಮುದುಕಿ ಯಾಕೆ ಕಾಗದ ಬರೆದಳು ಎಂದು ನಿನಗೆ ನಗು ಬಂದಿರಬೇಕು. ನಗು, ಪರವಾಗಿಲ್ಲ. ಫೋನಿನಲ್ಲಿ ನಾನು ಚರ್ಚಿನ ಮಾತು ತೆಗೆದ ಕೂಡಲೇ ನೀನು ಲ್ಯಾಬಿಗೆ ಸ್ಯಾಂಪಲ್ ಬಂತು ಎನ್ನುತ್ತೀಯ. ನಿಮ್ಮ ಆಸ್ಪತ್ರೆಯ ಸ್ಯಾಂಪಲ್ಲುಗಳೆಲ್ಲ ನಾನು ಯಾವಾಗ ಬಾಯಿ ತೆಗೆಯುತ್ತೇನೋ ಎಂದು ಬಾಗಿಲ ಹಿಂದೆ ಕಾಯುತ್ತಿರುತ್ತವೆ ಅಂತ ಕಾಣುತ್ತದೆ. ನಿನ್ನ ತಪ್ಪಲ್ಲ ಬಿಡು. ನನ್ನ ದನಿಯನ್ನು ನೀನು ನಂಬುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ದನಿ ಇಲ್ಲದೆ ಬರೆಯುತ್ತಿದ್ದೇನೆ. ನಿಮ್ಮ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಬರುವ ಪಕ್ಕದ ಮನೆ ಹುಲಿಗೆಮ್ಮನ ಕೈಲಿ ನಾಳೆ ಬೆಳಿಗ್ಗೆ ಕೊಟ್ಟು ಕಳಿಸುತ್ತೇನೆ. ಅವಳು ಬಿಚ್ಚಿ ನೋಡದಿರಲಿ ಅಂತ ಅನ್ನದ ಅಗುಳು ಹಾಕಿ ಅಂಟಿಸುತ್ತೇನೆ.

ಊಟವಾದ ಮೇಲೆ ಸ್ಟೇಷನ್ನಿಗೆ ಬಂದು ಎರಡನೇ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂರುವ ಚಟ ನನಗಿನ್ನೂ ಬಿಟ್ಟಿಲ್ಲ. ಈಗಲೂ ಅಲ್ಲೇ ಕೂತು ತೊಡೆಯ ಮೇಲೆ ಹಳೇ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ರಿಟೈರಾದ ಮೇಲೆ ಗಾಡಿಗಳ ಹೆಸರನ್ನು ಕಂಪ್ಯೂಟರಿನ ಹೆಂಗಸು ಹೇಳುತ್ತಾಳೆ. ದನಿ ಚೆನ್ನಾಗಿದೆ. ಆದರೆ ‘ಶಿವನಿ’ ಎನ್ನುವಾಗ ಆ ಊರಲ್ಲಿ ಯಾರೂ ಇಳಿಯುವುದೇ ಇಲ್ಲವೇನೋ ಅನ್ನುವ ಹಾಗೆ ಹೇಳಿಬಿಡುತ್ತಾಳೆ. ನಾನು ‘ಶಿ-ವ-ನಿ’ ಎಂದು ಬಿಡಿಸಿ ಹೇಳುತ್ತಿದ್ದೆ, ನಿದ್ದೆಗಣ್ಣಿನ ಮುದುಕರಿಗೂ ಕೇಳಲಿ ಅಂತ. ಮೂವತ್ತೊಂದು ವರ್ಷದಲ್ಲಿ ಒಂದು ಗಾಡಿಯನ್ನೂ ತಪ್ಪು ಪ್ಲಾಟ್‌ಫಾರಂಗೆ ಹೇಳಿದವಳಲ್ಲ ನಾನು.

ಬಿಸಿಲಿಗೆ ಹಳಿಯ ಮೇಲೆ ಗಾಳಿ ನಡುಗುತ್ತದೆ, ದೂರದ ಸಿಗ್ನಲ್ ಕಂಬ ನೀರಿನಲ್ಲಿ ನಿಂತ ಹಾಗೆ ಕಾಣುತ್ತದೆ, ಕಣ್ಣು ತಾನಾಗಿಯೇ ಮುಚ್ಚುತ್ತದೆ. ನಿನ್ನೆ ಹೀಗೇ ಜೊಂಪು ಹತ್ತಿದಾಗ ಒಂದು ಕನಸು. ಪ್ಲಾಟ್‌ಫಾರಂ ತುಂಬ ಹೆಣ್ಣುಮಕ್ಕಳು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ತಗೊಳ್ಳುವ ದಿನ ಹಾಕುವ ಬಿಳಿ ಫ್ರಾಕು, ತಲೆಯ ಮೇಲೆ ಬಿಳಿ ಬಲೆ. ಒಬ್ಬಳೂ ಮಾತಾಡುತ್ತಿಲ್ಲ, ಎಲ್ಲರೂ ಸ್ಪೀಕರ್ ಕಡೆ ಮುಖ ಎತ್ತಿ ನಿಂತಿದ್ದಾರೆ. ನಾನು ಮೈಕಿನ ಮುಂದೆ ಕೂತಿದ್ದೇನೆ. ಹೇಳಬೇಕಾದ್ದು ಗೊತ್ತು, ಬಾಯಿ ಏಳುತ್ತಿಲ್ಲ. ಮುಂದಿನ ಸಾಲಿನಲ್ಲಿ ನೀನಿದ್ದೆ, ಹನ್ನೊಂದು ವರ್ಷದವಳು, ಬಲಗಾಲಿನ ಲೇಸು ಬಿಚ್ಚಿಹೋಗಿತ್ತು. ಯಾವ ಗಾಡಿಗೆ ಕಾಯುತ್ತಿದ್ದೀರಿ ಎಂದು ಕೇಳೋಣ ಎನ್ನುವಷ್ಟರಲ್ಲಿ ಎಚ್ಚರವಾಯಿತು. ಶಿವಮೊಗ್ಗದ ಗಾಡಿ ಬಂದು ಹೋಗಿಬಿಟ್ಟಿತ್ತು.

ಸುತ್ತಿ ಬಳಸಿ ಬರೆಯುತ್ತಿದ್ದೇನೆ, ಅಲ್ಲವಾ? ವಿಷಯಕ್ಕೆ ಬರುತ್ತೇನೆ.

ಹೋದ ಭಾನುವಾರ ಚರ್ಚಿನಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಪೂಜೆ ಮುಗಿಯುವ ಮುಂಚೆ ಪ್ರಕಟಣೆ ಓದುವವಳು ಈಗಲೂ ನಾನೇ. ಅವತ್ತು ಎರಡು ಹಾಳೆ ಇದ್ದವು. ಮೊದಲನೆಯದು ಸುರೇಶಣ್ಣನ ಮಗ ರವಿಕುಮಾರನ ಮದುವೆಯದು. ನಮ್ಮಲ್ಲಿ ಮೂರು ಭಾನುವಾರ ಓದಬೇಕಲ್ಲ: ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಇದಕ್ಕೆ ಅಡ್ಡಿಯಾಗುವಂಥ ಕಾರಣ ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸಬೇಕಾಗಿ ವಿನಂತಿ, ಇದು ಮೊದಲನೆಯ ಪ್ರಕಟಣೆ. ಎರಡನೆಯ ಹಾಳೆ ಬಿಷಪ್ಪರ ಕಚೇರಿಯಿಂದ ಬಂದದ್ದು. ಅಜ್ಜಂಪುರದ ಹತ್ತಿರ ಹೆಣ್ಣುಮಕ್ಕಳಿಗೆ ಹೊಸ ಹಾಸ್ಟೆಲ್ ಕಟ್ಟಿದ್ದಾರೆ. ಹಿಂದೆ ನಮ್ಮಲ್ಲಿ ಸೇವೆ ಮಾಡಿದ್ದ ಫಾದರ್ ಒಬ್ಬರು ಜೂನ್ ಒಂದರಿಂದ ಅದರ ನಿರ್ದೇಶಕರು.

ಯಾರು ಅಂತ ನಿನಗೆ ತಿಳಿಯಿತು. ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ನಿನ್ನ ಕೋಣೆಯೊಳಗೆ ಆ ಹೆಸರು ನನ್ನ ಕೈಬರಹದಲ್ಲಿ ಬರುವುದು ಬೇಡ.

ಅವತ್ತು ಸೆಕೆ ನೋಡು, ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು. ಫ್ಯಾನಿನ ಗಾಳಿಗೆ ಹಾಳೆ ಮಗುಚಿಕೊಂಡಿತು, ನಾಲಗೆ ರೂಢಿಯ ದಾರಿ ಹಿಡಿಯಿತು. ಹಾಸ್ಟೆಲಿನ ಸಾಲು ಮುಗಿದ ಮೇಲೂ ನಿಲ್ಲದೆ ಓದಿಬಿಟ್ಟೆ: ಇದಕ್ಕೆ ಅಡ್ಡಿಯಾಗುವಂಥ ಕಾರಣ ಯಾರಿಗಾದರೂ ತಿಳಿದಿದ್ದರೆ ತಿಳಿಸಬೇಕಾಗಿ ವಿನಂತಿ, ಇದು ಮೊದಲನೆಯ ಪ್ರಕಟಣೆ. ಚರ್ಚಿಗೆ ಚರ್ಚೇ ನಕ್ಕಿತು. ಹೊರಗೆ ಬಂದ ಮೇಲೆ ಸುರೇಶಣ್ಣನ ಹೆಂಡತಿ ಹೊಟ್ಟೆ ಹಿಡಿದುಕೊಂಡು, ಕೋಮಲಕ್ಕ, ಫಾದರ್‌ಗೇ ಮದ್ವೆ ಮಾಡಿಸ್ಬಿಟ್ರಲ್ಲ ಕಣ್ರೀ, ಅಂದಳು. ಈಗಿನ ಫಾದರ್ ಚಂದ್ರಕುಮಾರ್ ಚಿಕ್ಕ ವಯಸ್ಸಿನವರು, ಅವರೂ ನಕ್ಕು, ಹಾಳೆ ಕಲಸಿಹೋಯ್ತೇನೋ ಬಿಡಿ ಅಮ್ಮ, ಅಂದರು. ನಾನೂ ನಕ್ಕೆ. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನಗು ಅಲ್ಲಿಗೇ ಮುಗಿಯಬೇಕಿತ್ತು. ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು. ಹನುಮಂತಮ್ಮ ಅಂತ, ಶಿವನಿ ಕಡೆಯವಳು. ನಮ್ಮ ಧರ್ಮದವಳಲ್ಲ. ಅಲ್ಲಿ ಆ ಫಾದರ್ ಮನೆಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದ್ದಳಂತೆ. ಬಸ್ಸಿನಲ್ಲಿ ನಮ್ಮವರು ಯಾರೋ ನನ್ನ ಎಡವಟ್ಟನ್ನು ಹೇಳಿಕೊಂಡು ನಗುತ್ತಿದ್ದದ್ದು ಅವಳ ಕಿವಿಗೆ ಬಿದ್ದಿದೆ. ಅವಳಿಗೆ ನಗು ಬಂದಿಲ್ಲ. ನೀವು ಕೇಳಿದ್ರಂತಲ್ಲ, ಯಾರ್ಗಾದ್ರೂ ಗೊತ್ತಿದ್ರೆ ಹೇಳಿ ಅಂತ, ನಂಗೊತ್ತು ಕಣ್ರೀ, ಅದ್ಕೇ ಬಂದೆ, ಎಂದು ಜಗಲಿಯ ಮೇಲೆ ಕೂತಳು. ಅವಳು ಕಂಡದ್ದನ್ನು ಅವತ್ತೇ ಸಿಸ್ಟರುಗಳಿಗೂ ಊರಿನ ದೊಡ್ಡವರಿಗೂ ಹೇಳಿದ್ದಳಂತೆ. ಮರುದಿನವೇ ಕೆಲಸಕ್ಕೆ ಬರಬೇಡ ಅಂದರಂತೆ. ಅಡುಗೆಯವ್ಳ ಮಾತು ಯಾರ್ ಕೇಳ್ತಾರೆ, ಅಂದಳು. ಇಷ್ಟು ವರ್ಷಕ್ಕೆ ಅವಳನ್ನು ಕೇಳಿದ ಮೊದಲನೆಯವಳು ನಾನಂತೆ.

ನಿನ್ನೆ ಅವಳ ಜೊತೆ ಇನ್ನೊಬ್ಬಳು ಬಂದಳು. ಹೆಸರು ಬರೀಬೇಡಿ ಎಂದಿದ್ದಾಳೆ, ಬರೆಯುವುದಿಲ್ಲ. ಅವಳ ಮಗಳಿಗೆ ಈಗ ಹತ್ತೊಂಬತ್ತು, ಆಗ ಹತ್ತು. ಅಂದರೆ ೨೦೧೬. ಅಂದರೆ ನಿನ್ನ ನಂತರ. ಮಗಳು ಈಗ ಪೊಲೀಸರಿಗೆ ಬರೆದುಕೊಡಲು ತಯಾರಿದ್ದಾಳೆ, ಒಬ್ಬಳೇ ಹೋಗಲು ಮಾತ್ರ ಹೆದರುತ್ತಾಳೆ. ನಾನು ಚಾ ಕೊಟ್ಟೆ. ಕುಡಿಯುತ್ತಾ ಕುಡಿಯುತ್ತಾ ಆ ತಾಯಿ ಲೋಟದಿಂದ ಕಣ್ಣೆತ್ತಿ ಕೇಳಿದಳು: ಅಕ್ಕಾ, ನಿಮ್ಗೆ ಮೊದ್ಲೇ ಗೊತ್ತಿತ್ತಾ?

ನೀರು ತರುತ್ತೇನೆ ಎಂದು ಎದ್ದು ಒಳಗೆ ಹೋದೆ, ಸ್ಫೂರ್ತಿ. ಅಡುಗೆಮನೆಯಲ್ಲಿ ಕೊಡದ ಮುಂದೆ ಎಷ್ಟು ಹೊತ್ತು ನಿಂತೆನೋ. ಹೊರಗೆ ಬಂದಾಗ ಅವಳು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗೊತ್ತಿತ್ತು. ನೀನು ನನಗೆ ಹೇಳಿದ್ದೆ. ಅದಕ್ಕೂ ಮುಂಚೆ, ಚರ್ಚಿನವರೆಲ್ಲ ಕೆಮ್ಮಣ್ಣುಗುಂಡಿಗೆ ಹೋಗಿದ್ದ ದಿನ, ಮಂಜು ಮುಚ್ಚಿಕೊಂಡು ಒಬ್ಬರಿಗೊಬ್ಬರು ಕಾಣದ ಹಾಗಾಗಿತ್ತಲ್ಲ, ಅವತ್ತಿಡೀ ನೀನು ನನ್ನ ಸೆರಗು ಬಿಡಲಿಲ್ಲ. ಜಿಗಣೆಗೆ ಹೆದರಿದ್ದಾಳೆ ಎಂದು ಎಲ್ಲರ ಮುಂದೆ ನಿನ್ನನ್ನು ರೇಗಿಸಿದೆ. ಆ ಬಿಳಿ ಮಂಜಿನಲ್ಲಿ ನಿನ್ನ ಮುಷ್ಟಿ ನನ್ನ ಸೆರಗಿನಲ್ಲಿ ಇದ್ದದ್ದು ನೆನೆದರೆ ಈಗಲೂ ಸೊಂಟದ ಹತ್ತಿರ ಎಳೆದ ಹಾಗಾಗುತ್ತದೆ. ಆಮೇಲೆ ಶನಿವಾರದ ಹಾಡಿನ ಪ್ರಾಕ್ಟೀಸಿಗೆ ಹೋಗುವುದಿಲ್ಲ ಎಂದೆ ನೀನು, ಸೋಮಾರಿ ಎಂದು ಬೈದೆ ನಾನು. ಕೊನೆಗೆ ಒಂದು ಸಂಜೆ ನೀನು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ನಾಲ್ಕೇ ಮಾತಿನಲ್ಲಿ ಎಲ್ಲ ಹೇಳಿದೆ. ಹೇಳಿ ಮುಗಿಸಿ, ಬೇರು ಎಲ್ಲಿ ಹಾಕಲಿ ಅಮ್ಮ, ಎಂದು ಕೇಳಿದೆ.

ಮರುದಿನವೇ ಬಿಷಪ್ಪರ ಕಚೇರಿಗೆ ಹೋದೆ. ಅಷ್ಟು ಮಾತ್ರ ಸರಿಯಾಗಿ ಮಾಡಿದೆ. ನಿಮ್ಮಪ್ಪ ಹೋಗಿ ನಾಲ್ಕು ವರ್ಷವಾಗಿತ್ತು, ಜೊತೆಗೆ ಯಾರೂ ಇರಲಿಲ್ಲ. ಅಲ್ಲಿ ಹಿರಿಯ ಫಾದರ್ ಒಬ್ಬರು ಕಾಫಿ ತರಿಸಿದರು, ತಲೆಯಾಡಿಸಿ ಕೇಳಿದರು. ಹುಡ್ಗಿ ಮುಂದಿನ್ ಜೀವ್ನ ನೋಡ್ಬೇಕಲ್ಲಮ್ಮ, ನೀವು ಬಾಯ್ ಬಿಡ್ಬೇಡಿ, ನಾವ್ ನೋಡ್ಕೋತೀವಿ, ಅಂದರು. ಅವರ ಜೇಬಿನಲ್ಲಿ ಪೆನ್ನಿತ್ತು. ಮೇಜಿನ ಮೇಲೆ ಬಿಳಿ ಹಾಳೆಯೂ ಇತ್ತು. ಒಂದು ಸಾಲೂ ಬರೆದುಕೊಳ್ಳಲಿಲ್ಲ. ಬರ್ಕೊಳ್ಳಿ ಎಂದು ನಾನೂ ಹೇಳಲಿಲ್ಲ, ನಾನು ಕಾಫಿ ಚೆನ್ನಾಗಿದೆ ಎಂದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಿಂಗಳಲ್ಲಿ ಆ ಮನುಷ್ಯನಿಗೆ ಶಿವನಿ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯ ಹಾಳೆ ನನ್ನ ಕೈಗೆ ಬಂತು, ನಾನು ಓದಿದೆ. ನಿಸ್ವಾರ್ಥ ಸೇವೆ, ಮಕ್ಕಳ ಮೇಲಿನ ಮಮತೆ, ನಾವು ಚಿರಋಣಿಗಳು. ಗಂಡಾಂತರ ಊರು ಬಿಟ್ಟು ಹೋಯಿತಲ್ಲ ಎಂದು ಒಳಗೇ ಸಮಾಧಾನವಾಗಿತ್ತು ನನಗೆ. ಅದು ಇನ್ನೊಂದು ಊರಿಗೆ ಇಳಿಯುತ್ತದೆ ಎನ್ನುವುದು, ಇಡೀ ಜನ್ಮ ಯಾವ ಗಾಡಿ ಯಾವ ಊರಿಗೆ ಎಂದು ಹೇಳುತ್ತಾ ಬದುಕಿದವಳಿಗೆ ಹೊಳೆಯಲಿಲ್ಲ. ನೀನು ಮೂರನೇ ಬೆಂಚಿನಲ್ಲಿದ್ದೆ. ಒಂದು ಸಲ ನನ್ನ ಮುಖ ನೋಡಿದೆ, ಆಮೇಲೆ ನಿನ್ನ ಚಪ್ಪಲಿ ನೋಡಿದೆ. ಅವತ್ತಿನಿಂದ ನೀನು ಚರ್ಚಿನ ಒಳಗೆ ಬಂದಿಲ್ಲ. ಯಾರಾದರೂ ಕೇಳಿದರೆ, ಓದು ಜಾಸ್ತಿ ಎಂದು ಹದಿನಾರು ವರ್ಷ ಹೇಳಿದ್ದೇನೆ.

ನಿನ್ನೆ ಸಂಜೆ ಫಾದರ್ ಚಂದ್ರಕುಮಾರ್ ಬಂದಿದ್ದರು. ಈ ಸಲ ನಗಲಿಲ್ಲ. ಮೇಲಿನಿಂದ ಫೋನ್ ಬಂದಿದೆಯಂತೆ. ಬರುವ ಭಾನುವಾರ ಓದಲು ಒಂದು ಹಾಳೆ ಟೈಪ್ ಮಾಡಿಸಿ ತಂದಿದ್ದರು, ಈಗ ನನ್ನ ಪಕ್ಕದಲ್ಲೇ ಇದೆ, ಗಾಳಿಗೆ ಹಾರದಿರಲಿ ಎಂದು ಟಿಫಿನ್ ಡಬ್ಬಿ ಇಟ್ಟಿದ್ದೇನೆ. ‘ಹೋದ ವಾರ ಹಾಸ್ಟೆಲಿನ ಪ್ರಕಟಣೆಗೆ ಸೇರಿದ ಕೊನೆಯ ವಾಕ್ಯ ಬಾಯಿತಪ್ಪಿನಿಂದ ಆದದ್ದು, ವಿಷಾದಿಸುತ್ತೇವೆ.’ ಇಷ್ಟೇ. ಓದಿಬಿಡಿ ಅಮ್ಮ, ಮುಗೀತದೆ, ಅಂದರು. ಫಾದರ್, ೨೦೦೯ರಲ್ಲಿ ನಾನು ಅಲ್ಲಿ ಹೋಗಿ ಹೇಳಿದ್ದನ್ನು ಎಲ್ಲಾದರೂ ಬರೆದಿಟ್ಟಿದ್ದಾರಾ ಎಂದು ಕೇಳಿದೆ. ಏನು ಹೇಳಿದ್ದಿರಿ ಎಂದು ಅವರು ಕೇಳಲಿಲ್ಲ, ಮುಖ ನೋಡಿಯೇ ಅರ್ಥವಾಯಿತೋ ಏನೋ. ನಂಗೊತ್ತಿಲ್ಲಮ್ಮ, ಕೇಳೋಕೂ ಭಯ ಆಗ್ತದೆ, ಅಂದರು. ಪಾಪ, ಒಳ್ಳೆಯ ಹುಡುಗ. ಒಳ್ಳೆಯವರಿಗೆಲ್ಲ ಭಯವಾಗಿಯೇ ಅಲ್ಲವಾ ಇಷ್ಟು ದೂರ ಬಂದದ್ದು.

ಈಗ ಕೇಳುತ್ತೇನೆ. ಹಾಸ್ಟೆಲಿಗೆ ಆಗಲೇ ನಲವತ್ತು ಹೆಣ್ಣುಮಕ್ಕಳು ಹೆಸರು ಬರೆಸಿದ್ದಾರಂತೆ, ಜೂನ್ ಒಂದಕ್ಕೆ ಹದಿನೇಳು ದಿನವಿದೆ. ಸೋಮವಾರ ಆ ತಾಯಿ ಮಗಳ ಜೊತೆ ನಾನೂ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ, ಹನುಮಂತಮ್ಮನೂ ಬರುತ್ತಾಳೆ. ಅದು ಗಟ್ಟಿ, ಅದಕ್ಕೆ ನಿನ್ನ ಅಪ್ಪಣೆ ಕೇಳುತ್ತಿಲ್ಲ. ಭಾನುವಾರ ಮೈಕಿನಲ್ಲಿ ಈ ತಿದ್ದುಪಡಿಯ ಹಾಳೆಯನ್ನಂತೂ ಓದುವುದಿಲ್ಲ. ಅದರ ಬದಲಿಗೆ ಬೇರೆ ಓದಬೇಕು ಅಂತ ಆಸೆ: ಅಡ್ಡಿಯಾಗುವ ಕಾರಣ ನನಗೆ ತಿಳಿದಿದೆ, ಹದಿನಾರು ವರ್ಷದ ಹಿಂದೆ ಬಿಷಪ್ಪರ ಕಚೇರಿಗೆ ತಿಳಿಸಿದ್ದೆ, ಅವರು ಏನು ಮಾಡಿದರು ಎಂದು ಬರೆದು ಕೊಡಲಿ. ಆ ಮನುಷ್ಯ ಇದ್ದ ಊರುಗಳ ಹೆಸರನ್ನು ಒಂದೊಂದಾಗಿ, ಬಿಡಿಸಿ, ಆ ಊರಿನ ಚರ್ಚುಗಳಲ್ಲೇ ಓದಿಸಲಿ. ನಿದ್ದೆಗಣ್ಣಿನವರಿಗೂ ಕೇಳಲಿ.

ಆದರೆ ಹಾಗೆ ಓದಿದರೆ ನನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಗ ‘ನನ್ನ ಮಗಳು’ ಎನ್ನಬೇಕಾಗುತ್ತದೆ. ಆ ಎರಡು ಪದ ನನ್ನವಲ್ಲ, ನಿನ್ನವು. ಒಂದು ಸಲ ನಿನ್ನನ್ನು ಕೇಳದೆ ಬಾಯಿ ಮುಚ್ಚಿಕೊಂಡೆ, ಈಗ ಕೇಳದೆ ಬಾಯಿ ತೆಗೆದರೆ ಎರಡನೇ ಸಲ ಅದೇ ಆಗುತ್ತದೆ. ಬೇಡ ಎಂದರೆ ನಿನ್ನ ವಿಷಯ ನನ್ನ ಜೊತೆಗೇ ಇರುತ್ತದೆ, ಬೇಜಾರಿಲ್ಲ. ಫೋನ್ ಮಾಡಿ ಹೇಳಲು ಕಷ್ಟವಾದರೆ ‘ಓದು’ ಅಥವಾ ‘ಬೇಡ’ ಎಂದು ಒಂದು ಮೆಸೇಜ್ ಹಾಕು ಸಾಕು. ಅದೂ ಆಗದಿದ್ದರೆ ಏನೂ ಹಾಕಬೇಡ, ಬೇಡ ಎಂದೇ ತಿಳಿಯುತ್ತೇನೆ.

ಗಾಡಿ ಬರುವ ಹೊತ್ತು. ಆ ಹೆಂಗಸು ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತಿದ್ದಾಳೆ. ಬಿಸಿಲಿಗೆ ಎಲ್ಲ ಮಸುಕು ಮಸುಕು. ನಿನ್ನೆಯ ಬಿಳಿ ಫ್ರಾಕಿನ ಮಕ್ಕಳು ಹಳಿಯಾಚೆ ಇನ್ನೂ ನಿಂತಿದ್ದಾರೇನೋ ಎಂದು ಒಂದು ಸಲ ತಿರುಗಿ ನೋಡಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಕಣೇ.

ನಿನ್ನ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲದ,
ನಿನ್ನ ಅಮ್ಮ
ಕೋಮಲಾ

ತಾ.ಕ.: ಅಂಟಿಸುವ ಮುಂಚೆ ಮತ್ತೆ ಓದಿದೆ. ಒಂದು ಸುಳ್ಳು ಬರೆದಿದ್ದೇನೆ, ಅದು ನಿನ್ನ ಹತ್ತಿರ ಉಳಿಯಬಾರದು. ಹೋದ ಭಾನುವಾರ ಕನ್ನಡಕ ಜಾರಲಿಲ್ಲ. ಚರ್ಚಿನ ಫ್ಯಾನು ಕೆಟ್ಟು ತಿಂಗಳಾಯಿತು. ಹಾಸ್ಟೆಲಿನ ಹಾಳೆ ಶುಕ್ರವಾರವೇ ಕೈಗೆ ಬಂದಿತ್ತು. ಎರಡು ಮಧ್ಯಾಹ್ನ ಇದೇ ಬೆಂಚಿನಲ್ಲಿ ಕೂತು ಆ ಸಾಲನ್ನು ಬಾಯಿಪಾಠ ಮಾಡಿದೆ, ತಪ್ಪಿ ಓದಿದ ಹಾಗೆ ಕೇಳಿಸಬೇಕು ಅಂತ. ನನಗಿದ್ದ ಧೈರ್ಯ ಅಷ್ಟೇ. ನಿನ್ನನ್ನು ಕೇಳದೆ ಮಾಡಿದೆ, ಬೈಯಿ. ಮೈಕಿನ ಮುಂದೆ ನಾನು ತಪ್ಪು ಓದಿದ್ದು ಜನ್ಮದಲ್ಲಿ ಒಂದೇ ಸಲ. ಬೀಳ್ಕೊಡುಗೆಯ ದಿನ ನೀನು ಮೂರನೇ ಬೆಂಚಿನಲ್ಲಿ ಕೂತಿದ್ದೆ, ನಾನು ಒಂದಕ್ಷರವೂ ತೊದಲಲಿಲ್ಲ.