ಗುಲಾಬಿ ಘಮದ ಮಣ್ಣು

ಮಾರ್ಚ್ ೧೧, ಮಂಗಳವಾರ

ಎಷ್ಟು ತೊಳೆದರೂ ಕೈಯಿಂದ ಆ ಗುಲಾಬಿ ನಾತ ಹೋಗುತ್ತಿಲ್ಲ. ಲ್ಯಾಬಿನಲ್ಲಿ ಕಣ್ಣಿನ ಕೆಳಗೆ ಹಚ್ಚುವ ಕ್ರೀಮನ್ನು ಬಿಸಿನೀರಲ್ಲಿ ಕಲಸಿ, ಜಿಡ್ಡು ಬೇರ್ಪಡಿಸಿ, ಕಣ್ಣಡಿಯ ಕಪ್ಪು ಕಳೆಯಲೆಂದು ಹಾಕುವ ಕೆಫೀನ್ ಅಳೆದೆ. ಕಂಪನಿ ಕಳಿಸಿದ ಡಬ್ಬಿಯಲ್ಲಿ ಲೇಬಲ್ ಹೇಳಿದಷ್ಟೇ ಇತ್ತು. ಅಕ್ಕ ಅಂಗಡಿಯಿಂದ ತಂದ ಅದೇ ಕ್ರೀಮಿನಲ್ಲಿ ಸೊನ್ನೆ. ಇನ್ನೊಮ್ಮೆ ಅಳೆದರೂ ಸೊನ್ನೆಯೇ. ಕಣ್ಣಿಗೆ ಮಣ್ಣೆರಚೋದು ಕೇಳಿದ್ದೆ. ಗುಲಾಬಿ ಘಮ ಬೆರೆಸಿ ಎರಚೋದನ್ನು ಇವತ್ತೇ ನೋಡಿದ್ದು.

"ಕಂಪನಿಯವರು ಕೊಟ್ಟಿದ್ದನ್ನ ಅಳೆಯೋದಷ್ಟೇ ನಮ್ಮ ಕೆಲಸ ಕಣಯ್ಯಾ. ಅಂಗಡಿ ಉಸಾಬರಿ ನಿನಗ್ಯಾಕೆ? ನಾಳೆ ರಿಪೋರ್ಟಿಗೆ ಸಹಿ ಹಾಕು" ಅಂದರು ಮ್ಯಾನೇಜರು. ಥೂ!

ಊಟಕ್ಕೆ ಕೂತಾಗ ಅಕ್ಕ ಮುಖ ಮುಂದೆ ಚಾಚಿ, "ಕಪ್ಪು ಕಮ್ಮಿ ಆಗಿದೆ ಅಲ್ವೇನೋ?" ಅಂದಳು.

"ಹೂಂ ಅಕ್ಕಾ" ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಹೂಂ! ನಾಳೆ ಪೆನ್ನು ಹಿಡಿದಾಗ ಸಹಿಯೂ ಅಷ್ಟೇ ಸಲೀಸಾಗಿ ಬಂದುಬಿಟ್ಟರೆ?