ಐಡಾ ಬರೆಸಿದ ನಾಲ್ಕು

ಡರ್ಬಿ
ಮಾರ್ಚ್ 8, 2026

ಪ್ರೀತಿಯ ತಂಗಿ ಶಿವಗಂಗಾ,

ನಿನ್ನ ಅಕ್ಕ ಇಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿದ್ದ ಕಾಗದ ಇದು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಎಲ್ಲರೂ ಸ್ಪೀಕರ್ ಹಾಕಿಕೊಂಡು ಕೂರುತ್ತಾರೆ. ನೀನೋ, ನಡುನಡುವೆ ಬಾಯಿ ಹಾಕುತ್ತೀ.

ಸುದ್ದಿ ಏನು ಗೊತ್ತೇ? ಈ ವಯಸ್ಸಿನಲ್ಲಿ ನಾನು ಪತ್ತೇದಾರಿಕೆಗೆ ಇಳಿದಿದ್ದೇನೆ! ನಮ್ಮ ಸೊಸೆ ಹ್ಯಾನಾಳ ಅಪ್ಪನಿಗೆ ಏಪ್ರಿಲ್‌ನಲ್ಲಿ ಎಂಬತ್ತು ತುಂಬುತ್ತದೆ. ಅವರ ತಾತ ವಾಲ್ಟರ್ ಅಮೆರಿಕದವನು, ಅಯೋವಾ ಎಂಬ ಸೀಮೆಯ ಮೆಕ್ಕೆಜೋಳ ಬೆಳೆಯುವ ಹಳ್ಳಿಯವನು. ಮೊದಲ ಮಹಾಯುದ್ಧಕ್ಕೆ ಸಿಪಾಯಿಯಾಗಿ ಬಂದು, ಡರ್ಬಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದನಂತೆ. ಅವನ ವಂಶವೃಕ್ಷ ಬರೆಸಿ ಅಪ್ಪನಿಗೆ ಉಡುಗೊರೆ ಕೊಡಬೇಕೆಂದು ಹ್ಯಾನಾಳ ಆಸೆ. ಅವಳಿಗೆ ಆಸ್ಪತ್ರೆಯ ಪಾಳಿ, ಮಗ ಅಮೃತನಿಗೆ ಎಂಜಿನ್ ಕಾರ್ಖಾನೆ. ಪುರುಸೊತ್ತು ಇರುವುದು ನನಗೊಬ್ಬಳಿಗೇ. ಮೂವತ್ತೊಂದು ವರ್ಷ ಶಾಲೆಯಲ್ಲಿ ದಾಖಲಾತಿ ಪುಸ್ತಕ ಬರೆದವಳಿಗೆ ಹಳೆಯ ರಿಜಿಸ್ಟರ್ ಸಿಕ್ಕರೆ ಕೇಳಬೇಕೇ!

ಅಲ್ಲಿನ ಹಳೆಯ ಜನಗಣತಿ ಹಾಳೆಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ. 1910ರ ಹಾಳೆಯಲ್ಲಿ ವಾಲ್ಟರ್ ಹದಿಮೂರು ವರ್ಷದವನು, ಮನೆಯ ಯಜಮಾನನ ಮಗ ಎಂದಿದೆ. ಯಜಮಾನನ ಹೆಂಡತಿ ಕ್ಲಾರಾ. ಆಗ ಮದುವೆಯಾದ ಪ್ರತಿ ಹೆಂಗಸನ್ನೂ ಎಷ್ಟು ಹೆತ್ತೆ, ಎಷ್ಟು ಉಳಿದಿವೆ ಎಂದು ಕೇಳುತ್ತಿದ್ದರು. ಕ್ಲಾರಾಳ ಮುಂದೆ ಸೊನ್ನೆ! ಮಗನಿದ್ದಾನೆ, ಆದರೆ ಅವಳು ಹೆತ್ತಿಲ್ಲ. 1900ರ ಹಾಳೆ ತೆಗೆದೆ. ಅಲ್ಲಿ ಅದೇ ಹುಡುಗನ ಮುಂದೆ ಮಗ ಎಂದಿಲ್ಲ, ‘ನೆಫ್ಯೂ’ ಎಂದಿದೆ, ಅಂದರೆ ಒಡಹುಟ್ಟಿದವರ ಮಗ.

ಯಾರ ಮಗ? ಎರಡು ದಿನ ಊಟ ರುಚಿಸಲಿಲ್ಲ. ಆ ಊರಿನ ಚರ್ಚಿಗೆ ಇಮೇಲ್ ಹಾಕಿದೆ. ಮೂರು ವಾರ ಸದ್ದಿಲ್ಲ. ಮೊನ್ನೆ ಗುರುವಾರ ನಾಮಕರಣ ಪುಸ್ತಕದ ಫೋಟೋ ಬಂತು. ವಾಲ್ಟರನನ್ನು ಹೆತ್ತವಳು ಐಡಾ, ಕ್ಲಾರಾಳ ಸ್ವಂತ ತಂಗಿ! ನಾನು ಕೂಗಿದ ರಭಸಕ್ಕೆ ಮೊಮ್ಮಗಳು ಸ್ಪಂದನಾ ಮಹಡಿಯಿಂದ ಓಡಿಬಂದು, “ಅಜ್ಜಿ, ಯು ಆರ್ ಅ ಜೀನಿಯಸ್!” ಎಂದು ಕೊರಳಿಗೆ ಜೋತುಬಿದ್ದಳು.

ಇಬ್ಬರೂ ಕೂತು ಐಡಾಳ ಮನೆಯನ್ನೂ ಹುಡುಕಿದೆವು. ಅಕ್ಕನ ಮನೆಯಿಂದ ಆರೇ ಮೈಲಿ. 1910ರಲ್ಲಿ ಅವಳ ಮನೆಯಲ್ಲಿದ್ದ ಮಕ್ಕಳು ಮೂರು. ಅವಳು ಬರೆಸಿದ್ದು ನಾಲ್ಕು! ಹೆತ್ತದ್ದು ನಾಲ್ಕು, ಉಳಿದದ್ದು ನಾಲ್ಕು. ಎದೆಗಾರ್ತಿ ಕಣೇ. ಅವಳ ಹೆಸರನ್ನು ವೃಕ್ಷದಲ್ಲಿ ಕ್ಲಾರಾಳ ಪಕ್ಕದಲ್ಲೇ ಬರೆಸಿದ್ದೇನೆ.

ಹ್ಯಾನಾ ಅತ್ತುಬಿಟ್ಟಳು. ಅಪ್ಪನಿಗೆ ಎಂಬತ್ತಕ್ಕಾದರೂ ಇದು ಗೊತ್ತಾಗಲಿ ಎಂದಳು. ಅಮೃತ ಹಾಳೆಯನ್ನು ಬಹಳ ಹೊತ್ತು ನೋಡಿದ. “ಅವ್ವಾ, ನಮ್ಮ ಮನ್ಯಾಗನೂ ಹಿಂಗ ಅಕ್ಕಗ ಮಗನ್ನ ಕೊಟ್ಟವರು ಯಾರರ ಅದಾರೇನು?” ಎಂದು ಕೇಳಿದ. “ಯಾರೂ ಇಲ್ಲಪಾ” ಎಂದು ನಾನು ಒಲೆಯ ಮೇಲಿನ ಹಾಲು ನೋಡಲು ಹೋದೆ.

ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಬಸವಣ್ಣ ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ, ನಿನಗೆ ನೂರು ವರ್ಷ ಆಯುಷ್ಯ ಕೊಡಲಿ.

ನಿನ್ನ ಅಕ್ಕ
ನೀಲಾಂಬಿಕಾ

ತಾ.ಕ.: ಐಡಾಳ ಆ ನಾಲ್ಕನ್ನು ನೋಡಿದಾಗಿನಿಂದ ನಿದ್ದೆ ಇಲ್ಲ. 1991ರ ಜನಗಣತಿಗೆ ನಮ್ಮಂಥ ಮೇಷ್ಟ್ರುಗಳನ್ನೇ ಹಾಕಿದ್ದರಲ್ಲ, ನನ್ನ ಪಾಲಿಗೆ ನಿನ್ನ ಓಣಿ ಬಂದಿತ್ತು. ಎಷ್ಟು ಹೆತ್ತೆ ಎಂದು ನಿನ್ನ ಅಂಗಳದಲ್ಲಿ ನಿಂತು ಕೇಳಿದೆ. ನೀನು ಮೆಲ್ಲಗೆ “ಮೂರು” ಎಂದೆ. ತೊಟ್ಟಿಲಿಗೆ ಹಾಕುವ ದಿನವೇ ನೀನು ಅಮೃತನನ್ನು ನನ್ನ ಮಡಿಲಿಗೆ ಹಾಕಿ ಆಗ ಹನ್ನೊಂದು ವರ್ಷ. ನಾನು ತಲೆ ಎತ್ತದೆ ಎರಡು ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದೆ. ನಮ್ಮ ಯಜಮಾನರಿಬ್ಬರೂ ಹೋದರು, ಈ ಮಾತು ಈಗ ನಮ್ಮಿಬ್ಬರಲ್ಲೇ ಉಳಿದಿದೆ. ಕಾಗದ ಮುಟ್ಟಿದರೆ ಒಂದು ಮಿಸ್ಡ್ ಕಾಲ್ ಕೊಡು, ಅಂದೇ ಅವನಿಗೆ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಅವ್ವ ಎನ್ನುತ್ತಾನೋ ಇಲ್ಲವೋ ಎಂದು ಹೆದರಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಅವನ ಫೋನ್ ಬಂದರೆ ಎತ್ತು. ಅಂದು ನೀನು ಮೂರು ಎಂದದ್ದು ನನಗೆ ಕೇಳಿಸಿತ್ತು, ಶಿವಗಂಗಾ.